ಅತ್ಯಮೂಲ್ಯ ಆಟಗಾರ: ಸೋತವನ ಕೊರಳಿಗೂ ಹಾರ ಸಲ್ಲಬೇಕೆ?

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟವು ನೋಡುವ ದಿಕ್ಕಿಗೆ ತಕ್ಕಂತೆ ರೂಪ ಬದಲಿಸುತ್ತದೆ ಎಂಬುದು ಆ ಸೀಮೆಯ ಹಳೆಯ ಮಾತು. ಒಂದು ದಿಕ್ಕಿನಿಂದ ಕಂಡವರಿಗೆ ಅದು ನಂದಿ, ಇನ್ನೊಂದು ದಿಕ್ಕಿನಿಂದ ಗಣಪತಿ, ಮತ್ತೊಂದೆಡೆಯಿಂದ ಲಿಂಗ, ಮಗದೊಂದೆಡೆಯಿಂದ ಸರ್ಪ. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯ ಕಡೆಗೆ ಪ್ರಯಾಣಿಸಿದವರು ಇದನ್ನು ಕಣ್ಣಾರೆ ಪರೀಕ್ಷಿಸಿರಲೂಬಹುದು. ಕ್ರೀಡಾ ಲೀಗ್‌ಗಳ ‘ಅತ್ಯಮೂಲ್ಯ ಆಟಗಾರ’ ಪ್ರಶಸ್ತಿಯ ಕುರಿತು ಪ್ರತಿವರ್ಷ ನಡೆಯುವ ವಾಗ್ವಾದವನ್ನು ಗಮನಿಸಿದಾಗ ಈ ಬೆಟ್ಟ ನೆನಪಾಗುತ್ತದೆ. ವಾದಿಸುವವರ ಮುಂದಿರುವ ಆಟ ಒಂದೇ. ನಿಂತ ಜಾಗ ಮಾತ್ರ ಬೇರೆ.

ಈ ಪ್ರಶಸ್ತಿಯ ಪರಿಕಲ್ಪನೆ ನಮ್ಮಲ್ಲಿ ಮನೆಮಾತಾದದ್ದು ಇಂಡಿಯನ್ ಪ್ರೀಮಿಯರ್ ಲೀಗ್‌ನಿಂದ. ಆದರೆ ಅದರ ಸುತ್ತಲ ಚರ್ಚೆ ಅತ್ಯಂತ ಗಂಭೀರವಾಗಿ ಬೆಳೆದಿರುವುದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ. ಬೆಂಗಳೂರು ನಗರವಂತೂ ಈ ವಿವಾದದ ತಿರುಳನ್ನು 14 ತಿಂಗಳ ಅಂತರದಲ್ಲಿ ಎರಡು ಬಾರಿ ತನ್ನ ಅಂಗಳದಲ್ಲೇ ಕಂಡಿದೆ. ಒಮ್ಮೆ ಕ್ರಿಕೆಟ್‌ನಲ್ಲಿ, ಇನ್ನೊಮ್ಮೆ ಬ್ಯಾಸ್ಕೆಟ್‌ಬಾಲ್‌ನಲ್ಲಿ. ಎರಡೂ ಸಲ ಅಂತಿಮ ಪಂದ್ಯ ಸೋತ ತಂಡದವರಿಗೇ ಪ್ರಶಸ್ತಿ ಸಂದಿತು.

ಪದದಲ್ಲೇ ಇರುವ ತೊಡಕು

ಕನ್ನಡ ಪತ್ರಿಕೆಗಳು ಬಹುಕಾಲದಿಂದ ‘ಪಂದ್ಯಶ್ರೇಷ್ಠ’, ‘ಸರಣಿಶ್ರೇಷ್ಠ’ ಎಂಬ ಪದಗಳನ್ನು ಬಳಸುತ್ತ ಬಂದಿವೆ. ಶ್ರೇಷ್ಠತೆ ಎಂದರೆ ಆಟದ ಗುಣಮಟ್ಟ. ಅದನ್ನು ಒಬ್ಬನನ್ನು ಮಾತ್ರ ನೋಡಿ ಹೇಳಬಹುದು. ಆದರೆ ‘ಮೌಲ್ಯ’ ಎಂಬುದು ಹಾಗಲ್ಲ. ಯಾರಿಗೆ ಮೌಲ್ಯ ಎಂದು ಕೇಳದೆ ಆ ಪದಕ್ಕೆ ಅರ್ಥವೇ ಇಲ್ಲ. ತಂಡಕ್ಕೆ ಎನ್ನುವುದಾದರೆ ತಂಡದ ಸೋಲು ಗೆಲುವು ಲೆಕ್ಕಕ್ಕೆ ಬರಲೇಬೇಕಾಗುತ್ತದೆ. ಗೆಲ್ಲದ ತಂಡಕ್ಕೆ ಆಟಗಾರನೊಬ್ಬ ಎಷ್ಟು ಬೆಲೆ ತಂದಾನು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಅದಕ್ಕೆ ಪ್ರತಿಯಾಗಿ, ದುರ್ಬಲ ತಂಡವನ್ನು ಒಬ್ಬನೇ ಹೊತ್ತು ನಡೆದವನಿಗಿಂತ ಬೆಲೆಯುಳ್ಳವನು ಮತ್ತಾರು ಎಂಬ ಮರುಪ್ರಶ್ನೆಯೂ ಅಷ್ಟೇ ನ್ಯಾಯವಾದುದು. ಪ್ರಶಸ್ತಿ ನೀಡುವ ಸಂಸ್ಥೆಗಳು ‘ಮೌಲ್ಯ’ ಎಂದರೇನೆಂದು ಸ್ಪಷ್ಟವಾಗಿ ವ್ಯಾಖ್ಯಾನಿಸುವ ಗೋಜಿಗೆ ಹೋಗಿಲ್ಲ. ಚರ್ಚೆ ಎಂದಿಗೂ ಮುಗಿಯದಿರುವುದಕ್ಕೆ ಇದೇ ಮೂಲ ಕಾರಣ.

ಅಮೆರಿಕದ ಮತಪತ್ರ

ಅಮೆರಿಕದ ಎನ್‌ಬಿಎ ಲೀಗ್ ಈ ಪ್ರಶಸ್ತಿಯನ್ನು 1955-56ರ ಋತುವಿನಿಂದ ನೀಡುತ್ತ ಬಂದಿದೆ. ಮೊದಲ ಪುರಸ್ಕೃತ ಸೇಂಟ್ ಲೂಯಿಸ್ ಹಾಕ್ಸ್ ತಂಡದ ಬಾಬ್ ಪೆಟಿಟ್. ಕುತೂಹಲದ ಸಂಗತಿಯೆಂದರೆ ಆ ವರ್ಷ ಅವರ ತಂಡ 33 ಪಂದ್ಯ ಗೆದ್ದು 39ರಲ್ಲಿ ಸೋತಿತ್ತು. ಅಂದರೆ ಈ ಪ್ರಶಸ್ತಿಯ ಚರಿತ್ರೆ ಆರಂಭವಾದದ್ದೇ ಸೋಲು ಹೆಚ್ಚಿದ್ದ ತಂಡದ ಆಟಗಾರನಿಂದ!

1980ರವರೆಗೆ ಮತ ಹಾಕುತ್ತಿದ್ದವರು ಸ್ವತಃ ಆಟಗಾರರು. ಅವರ ತೀರ್ಮಾನಗಳು ಅಂಕಿಅಂಶಗಳಿಗೆ ಮಣಿದವಲ್ಲ. 1961-62ರ ಋತುವನ್ನೇ ನೋಡಿ. ವಿಲ್ಟ್ ಚೇಂಬರ್‌ಲೇನ್ ಪ್ರತಿ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು; 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಕಲೆಹಾಕಿದರು. ಆಸ್ಕರ್ ರಾಬರ್ಟ್‌ಸನ್ ಅಂಕ, ರಿಬೌಂಡ್, ಅಸಿಸ್ಟ್ ಮೂರರಲ್ಲೂ ಇಡೀ ಋತುವಿನ ಸರಾಸರಿಯನ್ನು ಎರಡಂಕಿಯಲ್ಲಿ ಕಾಯ್ದುಕೊಂಡರು. ಆದರೂ ಸಹ ಆಟಗಾರರು ಆರಿಸಿದ್ದು ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಅವರನ್ನು. ಅವರ ಸರಾಸರಿ ಕೇವಲ 18.9 ಅಂಕ. ಎದುರಾಳಿಯ ಎಸೆತಗಳನ್ನು ತಡೆಯುವುದು, ರಿಬೌಂಡ್ ಕಸಿಯುವುದು, ತಮ್ಮವರಿಗೆ ದಾರಿ ಮಾಡಿಕೊಡುವುದು ರಸೆಲ್ ಅವರ ಕಸುಬು. ಅವರ ಎದುರು ನಿಂತು ಆಡಿದವರಿಗೆ ಅದರ ಬೆಲೆ ಗೊತ್ತಿತ್ತು. ಅದೇ ಆಟಗಾರರ ಮತದಿಂದಲೇ 1976ರಲ್ಲಿ 40 ಪಂದ್ಯ ಗೆದ್ದು 42 ಸೋತಿದ್ದ ಲೇಕರ್ಸ್ ತಂಡದ ಕರೀಮ್ ಅಬ್ದುಲ್ ಜಬ್ಬಾರ್ ಅವರಿಗೂ ಪ್ರಶಸ್ತಿ ದೊರೆಯಿತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

1980-81ರಿಂದ ಮತಾಧಿಕಾರ ಪತ್ರಕರ್ತರು ಹಾಗೂ ವೀಕ್ಷಕ ವಿವರಣೆಗಾರರ ಕೈಗೆ ಹೋಯಿತು. ಪ್ರತಿಯೊಬ್ಬರೂ ಐವರ ಹೆಸರನ್ನು ಕ್ರಮವಾಗಿ ಬರೆಯುತ್ತಾರೆ. ಅವುಗಳಿಗೆ 10, 7, 5, 3, 1 ಎಂದು ಅಂಕ. ಮತದಾರರು ಬದಲಾದಂತೆ ದೃಷ್ಟಿಯೂ ಬದಲಾಯಿತು. ಪೂರ್ಣಾವಧಿಯ ಋತುಗಳಲ್ಲಿ 50ಕ್ಕಿಂತ ಕಡಿಮೆ ಪಂದ್ಯ ಗೆದ್ದ ತಂಡದವನಿಗೆ ಪ್ರಶಸ್ತಿ ಸಿಗುವುದು ಅಪರೂಪವಾಯಿತು. 1982ರಲ್ಲಿ ಮೋಸೆಸ್ ಮಲೋನ್ ಬಳಿಕ ಅಂಥ ಇನ್ನೊಬ್ಬರನ್ನು ಕಾಣಲು 2017ರವರೆಗೆ ಕಾಯಬೇಕಾಯಿತು. ಆ ವರ್ಷ ಒಕ್ಲಹಾಮಾದ ರಸೆಲ್ ವೆಸ್ಟ್‌ಬ್ರೂಕ್ ಸರಾಸರಿ 31.6 ಅಂಕ, 10.7 ರಿಬೌಂಡ್, 10.4 ಅಸಿಸ್ಟ್ ಸಾಧಿಸಿದರು. ತಂಡ ಗೆದ್ದದ್ದು 47 ಮಾತ್ರ. ಹ್ಯೂಸ್ಟನ್‌ನ ಜೇಮ್ಸ್ ಹಾರ್ಡನ್ ಅವರ ತಂಡದ ಗೆಲುವು ಅದಕ್ಕಿಂತ ಹೆಚ್ಚಿದ್ದರೂ ಅವರು ಎರಡನೆಯ ಸ್ಥಾನಕ್ಕೆ ಸರಿದರು. ಅಂದಿನ ವಾದವಿವಾದ ಅಭಿಮಾನಿಗಳ ನಡುವೆ ಇನ್ನೂ ತಣ್ಣಗಾಗಿಲ್ಲ.

ಅಮೆರಿಕದ ಪದ್ಧತಿಯಲ್ಲಿ ಒಂದು ಜಾಣತನವಿದೆ. ಅಲ್ಲಿ ಈ ಪ್ರಶಸ್ತಿ ಕೇವಲ ಲೀಗ್ ಹಂತದ 82 ಪಂದ್ಯಗಳಿಗೆ ಸಂಬಂಧಿಸಿದ್ದು. ಪ್ಲೇಆಫ್‌ನ ಆಟ ಅದರಲ್ಲಿ ಸೇರುವುದಿಲ್ಲ. ಫೈನಲ್ ಸರಣಿಗೆ ಪ್ರತ್ಯೇಕ ಪ್ರಶಸ್ತಿ 1969ರಿಂದ ಇದೆ. 2016ರಲ್ಲಿ ಇದರ ಅಗತ್ಯ ಚೆನ್ನಾಗಿ ಕಂಡುಬಂದಿತು. ಗೋಲ್ಡನ್ ಸ್ಟೇಟ್ ತಂಡದ ಸ್ಟೀಫನ್ ಕರಿ 131 ಮತದಾರರ ಪೈಕಿ 131 ಮಂದಿಯ ಪ್ರಥಮ ಮತ ಪಡೆದು ಸರ್ವಾನುಮತದ ಮೊದಲ ಪುರಸ್ಕೃತರಾದರು. ತಂಡವೂ 73 ಪಂದ್ಯ ಗೆದ್ದು ದಾಖಲೆ ಬರೆದಿತ್ತು. ಜೂನ್ 19ರಂದು ಅದೇ ತಂಡ ಕ್ಲೀವ್‌ಲ್ಯಾಂಡ್‌ಗೆ ಪ್ರಶಸ್ತಿ ಬಿಟ್ಟುಕೊಟ್ಟಿತು, ಅದೂ ಸರಣಿಯಲ್ಲಿ 3-1ರ ಮುನ್ನಡೆ ಪಡೆದ ಮೇಲೆ. ಫೈನಲ್‌ನ ಗೌರವ ಲೆಬ್ರಾನ್ ಜೇಮ್ಸ್ ಪಾಲಾಯಿತು. ಇಬ್ಬರಿಗೂ ಅವರವರ ಪಾಲು ಸಂದಿತು. ಒಬ್ಬರದನ್ನು ಕಿತ್ತು ಇನ್ನೊಬ್ಬರಿಗೆ ಕೊಡುವ ಪ್ರಸಂಗ ಬರಲಿಲ್ಲ.

ಬೆಂಗಳೂರು, 2016ರ ಮೇ 29

ಕರಿ ಸೋಲುವುದಕ್ಕೆ ಮೂರು ವಾರ ಮೊದಲು ಇತ್ತ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಫೈನಲ್ ನಡೆದಿತ್ತು. ಸನ್‌ರೈಸರ್ಸ್ ಹೈದರಾಬಾದ್ 7 ವಿಕೆಟ್‌ಗೆ 208. ರಾಯಲ್ ಚಾಲೆಂಜರ್ಸ್ ಪರ ಕ್ರಿಸ್ ಗೇಲ್ 76, ವಿರಾಟ್ ಕೊಹ್ಲಿ 54. ಮೊದಲ ವಿಕೆಟ್‌ಗೇ 114. ಗೆಲುವು ಕೈಯಲ್ಲೇ ಇದೆಯೆಂದು ಇಡೀ ರಾಜ್ಯ ಭಾವಿಸಿದ್ದಾಗ ತಂಡ ಕುಸಿದು 7 ವಿಕೆಟ್‌ಗೆ 200 ರನ್‌ಗಳಲ್ಲಿ ನಿಂತಿತು. ಅಂತರ 8 ರನ್. ಆ ರಾತ್ರಿ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಸ್ವೀಕರಿಸಿದವರು ಸೋತ ತಂಡದ ನಾಯಕ ಕೊಹ್ಲಿ. ಕಪ್ ಹಿಡಿದು ನಿಂತವರು ಡೇವಿಡ್ ವಾರ್ನರ್.

ಇಬ್ಬರೂ ನಾಯಕರು, ಇಬ್ಬರೂ ಆರಂಭಿಕ ಆಟಗಾರರು. ಕೊಹ್ಲಿ 16 ಪಂದ್ಯಗಳಲ್ಲಿ 4 ಶತಕಗಳೊಂದಿಗೆ 973. ವಾರ್ನರ್ 17 ಪಂದ್ಯಗಳಲ್ಲಿ 848. ರನ್ ಗಳಿಕೆಯ ವೇಗದಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಹಾಗಾದರೆ ಹೆಚ್ಚು ರನ್ ಗಳಿಸಿದವನೇ ಹೆಚ್ಚು ಬೆಲೆಯವನೆಂದು ವಿಷಯ ಮುಗಿಸಬಹುದೆ?

ವಾರ್ನರ್ ಪರ ವಾದಿಸುವವರ ಕೈಯಲ್ಲಿ ಬಲವಾದ ಪುರಾವೆಗಳಿವೆ. ಅವರ ತಂಡದಲ್ಲಿ ಶಿಖರ್ ಧವನ್ 501 ರನ್ ಗಳಿಸಿದ್ದು ಬಿಟ್ಟರೆ ಬ್ಯಾಟಿಂಗ್‌ನಲ್ಲಿ ಉಳಿದವರು ಬಹಳ ಹಿಂದಿದ್ದರು. ಕೊಹ್ಲಿಯ ಜೊತೆಗಾದರೋ 687 ರನ್ ಗಳಿಸಿದ ಎಬಿ ಡಿವಿಲಿಯರ್ಸ್ ಇದ್ದರು, 397 ಗಳಿಸಿದ ನಮ್ಮ ಕೆ.ಎಲ್. ರಾಹುಲ್ ಇದ್ದರು. ಸೋತರೆ ಮನೆಗೆ ಎಂಬಂತಿದ್ದ ಎರಡನೇ ಕ್ವಾಲಿಫೈಯರ್‌ನಲ್ಲಿ ವಾರ್ನರ್ ಅಜೇಯ 93. ಫೈನಲ್‌ನಲ್ಲಿ 38 ಎಸೆತಗಳಲ್ಲಿ 69. ಬೆಂಗಳೂರಿನಲ್ಲೇ ನಡೆದ ಮೊದಲ ಕ್ವಾಲಿಫೈಯರ್‌ನಲ್ಲಿ ಕೊಹ್ಲಿ ಸೊನ್ನೆಗೆ ಔಟಾದರು. 29 ರನ್‌ಗೆ 5 ವಿಕೆಟ್ ಬಿದ್ದಿದ್ದ ತಂಡವನ್ನು ದಡ ಮುಟ್ಟಿಸಿದ್ದು ಡಿವಿಲಿಯರ್ಸ್ ಅವರ ಅಜೇಯ 79. ಅತ್ಯಂತ ಅಗತ್ಯವಿದ್ದ ಗಳಿಗೆಯಲ್ಲಿ ಒದಗಿದವನೇ ಅಮೂಲ್ಯ ಎನ್ನುವವರು ಅಂದು ಡಿವಿಲಿಯರ್ಸ್ ಹೆಸರನ್ನೂ ಎತ್ತಬಹುದಿತ್ತು.

ಆದರೆ ಆ ಕ್ವಾಲಿಫೈಯರ್‌ಗೆ ತಂಡ ತಲುಪಿದ್ದು ಹೇಗೆ? ಮೊದಲ 7 ಪಂದ್ಯಗಳಲ್ಲಿ ಗೆದ್ದದ್ದು 2 ಮಾತ್ರ. ಉಳಿದ 7ರಲ್ಲಿ 6 ಗೆಲುವು. ಆ ಅವಧಿಯಲ್ಲಿ ಕೊಹ್ಲಿಯ ಮೂರು ಶತಕಗಳು ಬಂದವು. ಮೂರೂ ಪಂದ್ಯಗಳಲ್ಲಿ ತಂಡ ಗೆದ್ದಿತು. ಮೇ 18ರಂದು ಪಂಜಾಬ್ ವಿರುದ್ಧ, ಮಳೆಯಿಂದ 15 ಓವರ್‌ಗೆ ಇಳಿದ ಪಂದ್ಯದಲ್ಲಿ, ಹೊಲಿಗೆ ಹಾಕಿಸಿಕೊಂಡ ಕೈಯಲ್ಲೇ 50 ಎಸೆತಗಳಲ್ಲಿ 113. ಅವರನ್ನು ಕಳೆದು ನೋಡಿದರೆ ಫೈನಲ್ ಆಡುವ ಮಾತೇ ಇರುತ್ತಿರಲಿಲ್ಲ. ಇನ್ನು ಫೈನಲ್ ಸೋಲಿನ ಹೊಣೆಯನ್ನು ಅವರ ಮೇಲೆ ಹೊರಿಸುವುದಂತೂ ಸಲ್ಲದು. ಶೇನ್ ವಾಟ್ಸನ್ ಅವರ 4 ಓವರ್‌ಗಳಲ್ಲಿ 61 ರನ್ ಸೋರಿದ್ದವು. ಬೆನ್ ಕಟಿಂಗ್ 15 ಎಸೆತಗಳಲ್ಲಿ 39 ಬಾರಿಸಿ, ಬಳಿಕ 2 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ಈ ಲೇಖಕನ ಅಭಿಪ್ರಾಯದಲ್ಲಿ ಪ್ರಶಸ್ತಿ ಸರಿಯಾದ ಕೈಗೇ ಹೋಯಿತು. ಹೋದ ದಾರಿ ಮಾತ್ರ ಸರಿಯಾದುದಲ್ಲ.

ಓಡಿದ ರನ್‌ಗೆ ಸೊನ್ನೆ

ಐಪಿಎಲ್‌ನಲ್ಲಿ ಮತದಾನವಿಲ್ಲ. ಅಂಕಪಟ್ಟಿಯೇ ನ್ಯಾಯಾಧೀಶ. ಬೌಂಡರಿಗೆ 2.5, ಸಿಕ್ಸರ್‌ಗೆ 3.5, ವಿಕೆಟ್‌ಗೆ 3.5, ಡಾಟ್ ಬಾಲ್‌ಗೆ 1, ಕ್ಯಾಚ್‌ಗೆ 2.5 ಎಂಬ ಲೆಕ್ಕದಲ್ಲಿ ಕೂಡುತ್ತ ಹೋಗುವುದು ಪದ್ಧತಿ. ಒಂಟಿ ರನ್‌ಗೆ ಇಲ್ಲಿ ಅಂಕವಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಎರಡು ರನ್‌ಗೂ ಇಲ್ಲ.

2016ರ ಲೆಕ್ಕವನ್ನೇ ಬಿಡಿಸಿ ನೋಡೋಣ. ಕೊಹ್ಲಿ 83 ಬೌಂಡರಿ, 38 ಸಿಕ್ಸರ್ ಹೊಡೆದಿದ್ದರು. ಇವುಗಳಿಂದ ಬಂದ ರನ್ 560, ಅಂಕ 340.5. ಉಳಿದ 413 ರನ್‌ಗಳನ್ನು ಅವರು ವಿಕೆಟ್‌ಗಳ ನಡುವೆ ಓಡಿಯೇ ಗಳಿಸಿದರು. ಅದಕ್ಕೆ ಸಿಕ್ಕ ಅಂಕ ಸೊನ್ನೆ. ವಾರ್ನರ್ ಅವರ 88 ಬೌಂಡರಿ, 31 ಸಿಕ್ಸರ್‌ಗಳ ಅಂಕ 328.5; ಅವರು ಓಡಿ ಗಳಿಸಿದ್ದು 310. ಬೌಂಡರಿ, ಸಿಕ್ಸರ್‌ಗಳ ಮಟ್ಟಿಗೆ ಹೇಳುವುದಾದರೆ ಇಬ್ಬರ ನಡುವಿನ ಅಂತರ ಕೇವಲ 12 ಅಂಕ, ಎಂದರೆ ನಾಲ್ಕು ಸಿಕ್ಸರ್‌ಗಳಿಗಿಂತ ಕಡಿಮೆ. ಒಂದನ್ನು ಎರಡಾಗಿಸುವ ಕೊಹ್ಲಿಯ ಓಟವನ್ನು ಕಂಡು ಬೆರಗಾದ ಬೆಂಗಳೂರಿಗರಿಗೆ, ಆ ಓಟಕ್ಕೆ ಈ ಪಟ್ಟಿಯಲ್ಲಿ ಕವಡೆ ಕಾಸಿನ ಬೆಲೆಯೂ ಇರಲಿಲ್ಲವೆಂದು ತಿಳಿದರೆ ಅಚ್ಚರಿಯಾದೀತು. ಪಟ್ಟಿಯಲ್ಲಿ ಕೂಡುವುದುಂಟೇ ಹೊರತು ಕಳೆಯುವುದಿಲ್ಲ. ವಾಟ್ಸನ್ ಕೊಟ್ಟ 61 ರನ್‌ಗಳಿಗಾಗಿ ಅವರ ಖಾತೆಯಿಂದ ಏನೂ ಕಡಿತವಾಗುವುದಿಲ್ಲ.

ಇಂಥ ಗಣಿತ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ 2020 ಸಾಕ್ಷಿ. ಆ ವರ್ಷ ಯುಎಇಯಲ್ಲಿ ನಡೆದ ಟೂರ್ನಿಯಲ್ಲಿ ರಾಜಸ್ಥಾನ ರಾಯಲ್ಸ್ ಎಂಟು ತಂಡಗಳಲ್ಲಿ ಎಂಟನೆಯದು. ಅತ್ಯಮೂಲ್ಯ ಆಟಗಾರ ಅದೇ ತಂಡದ ಜೋಫ್ರಾ ಆರ್ಚರ್. 20 ವಿಕೆಟ್‌ಗಳಿಗೆ 70 ಅಂಕ. 175 ಡಾಟ್ ಬಾಲ್‌ಗಳಿಗೆ 175. ಅವರ ಬೌಲಿಂಗ್ ಅಮೋಘವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬೌಲರ್‌ಗಳನ್ನು ಕಡೆಗಣಿಸುವ ನಮ್ಮ ಚಾಳಿಗೆ ಇದೊಂದು ಮದ್ದು ಎಂದೂ ಹೇಳಬಹುದು. ಆದರೆ ಮತಪತ್ರ ಕೈಗೆ ಕೊಟ್ಟಿದ್ದರೆ ಕೊನೆಯ ಸ್ಥಾನದ ತಂಡದವನ ಹೆಸರನ್ನು ಮೊದಲು ಬರೆಯುವವರು ಎಷ್ಟು ಮಂದಿ ಇರುತ್ತಿದ್ದರು? ಅಂಕಪಟ್ಟಿಗೆ ಮುಲಾಜಿಲ್ಲ ಎಂಬುದು ಅದರ ಗುಣ. ಅದಕ್ಕೆ ಕಣ್ಣೂ ಇಲ್ಲ.

2008ರಿಂದ 2025ರವರೆಗಿನ 18 ಆವೃತ್ತಿಗಳನ್ನು ಒಟ್ಟಾಗಿ ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಪ್ರಶಸ್ತಿ ಪಡೆದವರ ತಂಡವೇ ಕಪ್ ಗೆದ್ದದ್ದು ನಾಲ್ಕೇ ಬಾರಿ: 2008ರಲ್ಲಿ ವಾಟ್ಸನ್, 2009ರಲ್ಲಿ ಗಿಲ್‌ಕ್ರಿಸ್ಟ್, 2012 ಮತ್ತು 2024ರಲ್ಲಿ ಸುನಿಲ್ ನಾರಾಯಣ್. ಏಳು ಬಾರಿ ಅವರ ತಂಡ ಫೈನಲ್‌ನಲ್ಲಿ ಸೋತಿದೆ. ತೆಂಡೂಲ್ಕರ್, ಗೇಲ್, ಮ್ಯಾಕ್ಸ್‌ವೆಲ್, ಕೊಹ್ಲಿ, ಸ್ಟೋಕ್ಸ್, ಬಟ್ಲರ್, ಗಿಲ್ ಆ ಸಾಲಿನವರು. ಫೈನಲ್ ತಲುಪಿದ ತಂಡಕ್ಕೆ ಲೀಗ್ ಹಂತದ ಮೇಲೆ ಎರಡು ಮೂರು ಪಂದ್ಯ ಹೆಚ್ಚುವರಿಯಾಗಿ ಸಿಗುವುದರಿಂದ ಅಂಕ ಬೆಳೆಸಿಕೊಳ್ಳುವ ಅವಕಾಶ ಅವರಿಗೆ ಅಧಿಕ. ಎನ್‌ಬಿಎ ಮಾದರಿಯಲ್ಲಿ ಲೀಗ್ ಹಂತವನ್ನು ಬೇರ್ಪಡಿಸಿದ್ದರೆ ಈ ಅಸಮಾನತೆ ಇರುತ್ತಿರಲಿಲ್ಲ.

ಪ್ರೊ ಕಬಡ್ಡಿಯಲ್ಲಿ ಮಾತ್ರ ನಮ್ಮವರಿಗೆ ಇಂಥ ಗೊಂದಲವಿಲ್ಲದ ಒಂದು ವರ್ಷ ಲಭಿಸಿತು. ಆರನೇ ಆವೃತ್ತಿಯ ಫೈನಲ್ 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದಾಗ ಪವನ್ ಶೆರಾವತ್ ಒಬ್ಬರೇ 22 ಅಂಕ ತಂದರು. ಬೆಂಗಳೂರು ಬುಲ್ಸ್ ಗುಜರಾತ್ ವಿರುದ್ಧ 38-33ರಿಂದ ಗೆದ್ದು ಚಾಂಪಿಯನ್ ಆಯಿತು. ಋತುವಿನ ಅತ್ಯಮೂಲ್ಯ ಆಟಗಾರರೂ ಪವನ್ ಅವರೇ ಆದರು. ವಾದಿಸಲು ಯಾರಿಗೂ ಏನೂ ಉಳಿಯಲಿಲ್ಲ.

ಕಂಠೀರವದ ನಿದರ್ಶನ

ಚಿನ್ನಸ್ವಾಮಿಯಿಂದ ಕಬ್ಬನ್ ಉದ್ಯಾನ ದಾಟಿದರೆ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ. 2017ರ ಜುಲೈನಲ್ಲಿ ಅಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಜರುಗಿತು. ಅದು ಲೀಗ್ ಅಲ್ಲ, ರಾಷ್ಟ್ರಗಳ ನಡುವಿನ ಪಂದ್ಯಾವಳಿ. ಆದರೂ ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಈ ನೆಲದಲ್ಲಿ ಸಿಗದು. ಆಸ್ಟ್ರೇಲಿಯಾ ಏಷ್ಯಾ ಕಪ್‌ನಲ್ಲಿ ಆಡಿದ್ದು ಅದೇ ಮೊದಲು. ಫೈನಲ್‌ನಲ್ಲಿ ಜಪಾನ್ 74, ಆಸ್ಟ್ರೇಲಿಯಾ 73. ಜಪಾನ್‌ಗೆ ಸತತ ಮೂರನೇ ಪ್ರಶಸ್ತಿ. ಅತ್ಯಮೂಲ್ಯ ಆಟಗಾರ್ತಿ ಎನಿಸಿಕೊಂಡವರು, ಅಮೆರಿಕದಲ್ಲಿ ಹುಟ್ಟಿ ಆಸ್ಟ್ರೇಲಿಯಾ ಪರ ಆಡಿದ ಕೆಲ್ಸಿ ಗ್ರಿಫಿನ್.

ಒಂದು ಅಂಕ! ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಫ್ರೀ ಥ್ರೋ. ಕೊನೆಯ ಕ್ಷಣಗಳಲ್ಲಿ ಯಾರೋ ಎಸೆದ ಒಂದು ಚೆಂಡು ರಿಂಗಿನ ಒಳಕ್ಕೆ ಬಿದ್ದಿತೋ ಹೊರಕ್ಕೆ ಸಿಡಿಯಿತೋ ಎಂಬುದರ ಮೇಲೆ ಇಡೀ ಪಂದ್ಯಾವಳಿಯುದ್ದಕ್ಕೂ ಒಬ್ಬರು ಆಡಿದ ಆಟದ ಬೆಲೆ ಏರಿಳಿಯಬೇಕೆ? ಗ್ರಿಫಿನ್ ಅವರನ್ನು ಆರಿಸಿದವರು ಇಲ್ಲವೆಂದು ತೀರ್ಮಾನಿಸಿದರು. ಅದು ಸರಿಯಾದ ತೀರ್ಮಾನವೆಂದೇ ತೋರುತ್ತದೆ. 8 ರನ್‌ಗಳ ಸೋಲನ್ನು ಕೊಹ್ಲಿಯ ವಿರುದ್ಧ ಎತ್ತಿ ಹಿಡಿಯುವವರು 1 ಅಂಕದ ಈ ಸೋಲನ್ನೂ ನೆನೆಯಬೇಕು. ಅಂದಹಾಗೆ, ಅದೇ ಟೂರ್ನಿಯ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತದ ವನಿತೆಯರು ಕಜಕಸ್ತಾನವನ್ನು 75-73ರಿಂದ ಮಣಿಸಿ ‘ಎ’ ವಿಭಾಗಕ್ಕೆ ಬಡ್ತಿ ಪಡೆದರು. ಕ್ರಿಕೆಟ್‌ನ ಗದ್ದಲದಲ್ಲಿ ಆ ಗೆಲುವಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

ಎನ್‌ಬಿಎ ಫೈನಲ್‌ನ ಚರಿತ್ರೆಯಲ್ಲಿ ಸೋತ ತಂಡದವರಿಗೆ ಪ್ರಶಸ್ತಿ ಸಂದದ್ದು 2025ರವರೆಗೆ ಒಂದೇ ಒಂದು ಬಾರಿ, ಅದೂ ಪ್ರಶಸ್ತಿ ಆರಂಭವಾದ 1969ರಲ್ಲೇ. ಲೇಕರ್ಸ್‌ನ ಜೆರ್ರಿ ವೆಸ್ಟ್ ನಿರ್ಣಾಯಕ ಏಳನೇ ಪಂದ್ಯದಲ್ಲಿ 42 ಅಂಕ, 13 ರಿಬೌಂಡ್, 12 ಅಸಿಸ್ಟ್ ಗಳಿಸಿದರೂ ತಂಡ 106-108ರಿಂದ ಸೋತಿತು. ಆಮೇಲೆ ಅಲ್ಲಿನ ಮತದಾರರಿಗೆ ಅಂಥ ಧೈರ್ಯ ಬಂದಿಲ್ಲ.

ಯಾರು ನಿರ್ಧರಿಸಬೇಕು?

ಮತದಾನಕ್ಕೂ ದೋಷಗಳುಂಟು. 1997ರಲ್ಲಿ ಮೈಕಲ್ ಜೋರ್ಡನ್ ಅವರ ಚಿಕಾಗೊ 69 ಪಂದ್ಯ ಗೆದ್ದಿದ್ದರೂ ಪ್ರಶಸ್ತಿ 64 ಗೆದ್ದ ಯೂಟಾದ ಕಾರ್ಲ್ ಮಲೋನ್ ಅವರಿಗೆ ಹೋಯಿತು. ಒಬ್ಬನದೇ ಹೆಸರನ್ನು ಮತ್ತೆಮತ್ತೆ ಬರೆಯಲು ಪತ್ರಕರ್ತರಿಗೆ ಬೇಸರವಾಗಿತ್ತೆಂಬ ಕುಹಕ ಅಂದಿನಿಂದ ಚಾಲ್ತಿಯಲ್ಲಿದೆ. ನಮ್ಮಲ್ಲಿ ಮತ ಹಾಕಿಸಿದರೆ ಊರು, ಭಾಷೆ, ಜಾಹೀರಾತು ಎಲ್ಲವೂ ನುಸುಳುವ ಭೀತಿ ಇದ್ದೇ ಇದೆ. ಆದರೆ ಯಾರು ಯಾರಿಗೆ ಮತ ಹಾಕಿದರೆಂಬುದನ್ನು ಎನ್‌ಬಿಎ ಬಹಿರಂಗಪಡಿಸುತ್ತದೆ. ಮತ ಹಾಕಿದವರು ಮರುದಿನ ಉತ್ತರ ಹೇಳಬೇಕಾಗುತ್ತದೆ. 2023-24ರಿಂದ ಪ್ರಶಸ್ತಿಗೆ ಅರ್ಹನಾಗಲು ಕನಿಷ್ಠ 65 ಪಂದ್ಯ ಆಡಿರಬೇಕೆಂಬ ನಿಯಮವನ್ನೂ ಅದು ತಂದಿತು. ಅಂಕಪಟ್ಟಿಯಾದರೆ ಯಾರಿಗೂ ಉತ್ತರದಾಯಿಯಲ್ಲ.

ಐಪಿಎಲ್ ಅಂಕಪಟ್ಟಿಯನ್ನು ಕೈಬಿಡಬೇಕಿಲ್ಲ. ಓಡಿದ ರನ್‌ಗೂ ಒಂದಿಷ್ಟು ಅಂಕ, ಸೋರಿಹೋದ ರನ್‌ಗೆ ಒಂದಿಷ್ಟು ಕಡಿತ ಸೇರಿಸಿ, ಅದರ ಮೊದಲ ಹತ್ತು ಹೆಸರುಗಳನ್ನು ನಾಯಕರ, ತರಬೇತುದಾರರ ಬಹಿರಂಗ ಮತಕ್ಕೆ ಒಡ್ಡಬಹುದು. ರಸೆಲ್ ಅವರ ಬೆಲೆಯನ್ನು ಗುರುತಿಸಿದ್ದು ಅವರ ಎದುರು ಆಡಿದವರೇ ಅಲ್ಲವೆ?

ರಾಯಲ್ ಚಾಲೆಂಜರ್ಸ್ ಅಭಿಮಾನಿಗಳಿಗಂತೂ ಈ ಪ್ರಶಸ್ತಿಯೊಡನೆ ವಿಚಿತ್ರ ನಂಟಿದೆ. 2011ರಲ್ಲಿ ಗೇಲ್, 2016ರಲ್ಲಿ ಕೊಹ್ಲಿ, 2021ರಲ್ಲಿ 32 ವಿಕೆಟ್ ಕಿತ್ತ ಹರ್ಷಲ್ ಪಟೇಲ್. ಮೂರು ವರ್ಷವೂ ಅತ್ಯಮೂಲ್ಯ ಆಟಗಾರ ನಮ್ಮಲ್ಲೇ ಇದ್ದ, ಕಪ್ ಬೇರೆಡೆ ಇತ್ತು. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ಗಳಿಂದ ಗೆದ್ದು ತಂಡ ಮೊದಲ ಬಾರಿ ಚಾಂಪಿಯನ್ ಆದಾಗ, ಆ ಪ್ರಶಸ್ತಿ ಫೈನಲ್ ತಲುಪದ ಮುಂಬೈ ಇಂಡಿಯನ್ಸ್‌ನ ಸೂರ್ಯಕುಮಾರ್ ಯಾದವ್ ಅವರದಾಗಿತ್ತು. ಅವರು 717 ರನ್ ಗಳಿಸಿದ್ದರು. ಬೆಂಗಳೂರಿನ ಪರ ಅಂದು ಪಂದ್ಯಶ್ರೇಷ್ಠರಾದವರು 4 ಓವರ್‌ಗಳಲ್ಲಿ 17 ರನ್ ಕೊಟ್ಟು 2 ವಿಕೆಟ್ ಪಡೆದ ಕೃಣಾಲ್ ಪಾಂಡ್ಯ.